ಮಗಳು ಊಟ ಬಿಟ್ಟಿದ್ದಾಳೆ, ತಪ್ಪು ಮೊಬೈಲಿನದೊಂದೇ?

ಬೇರೆಯವರೂ ಓದುತ್ತಾರಾದ್ದರಿಂದ ನಿಮ್ಮ ಪ್ರಶ್ನೆಯನ್ನು ಚಿಕ್ಕದಾಗಿ ಹೇಳಿಕೊಂಡು ಮುಂದುವರಿಯುತ್ತೇನೆ. ಹಾಸನದಲ್ಲಿ ಹತ್ತನೇ ತರಗತಿ ಓದುತ್ತಿರುವ ಮಗಳು ಕೆಲವು ತಿಂಗಳಿಂದ ರಾತ್ರಿ ಮುದ್ದೆಯನ್ನೂ ಅನ್ನವನ್ನೂ ಬಿಟ್ಟಿದ್ದಾಳೆ. ಇನ್‌ಸ್ಟಾಗ್ರಾಂನಲ್ಲಿ ತೆಳ್ಳಗಿನ ಹುಡುಗಿಯರ ರೀಲ್ಸ್ ನೋಡುತ್ತಾಳೆ. ಮದುವೆ, ಗೃಹಪ್ರವೇಶ ಎಂದರೆ ಬರಲು ಒಲ್ಲೆ ಎನ್ನುತ್ತಾಳೆ. ತಾನು ತಿನ್ನದಿದ್ದರೂ ಅಡುಗೆಯ ವಿಡಿಯೊಗಳನ್ನು ಗಂಟೆಗಟ್ಟಲೆ ನೋಡುತ್ತಾಳೆ, ತಮ್ಮನಿಗೆ ಏನಾದರೂ ಮಾಡಿಕೊಟ್ಟು ಪಕ್ಕದಲ್ಲಿ ಕುಳಿತು ತಿನ್ನಿಸುತ್ತಾಳೆ. ನಿಮ್ಮ ಅತ್ತೆಯವರು ಅವಳನ್ನು ಮೊದಲಿನಿಂದಲೂ ಪ್ರೀತಿಯಿಂದಲೇ ‘ಡುಮ್ಮಿ’ ಎಂದು ಕರೆಯುತ್ತಾರೆ. ಇದಕ್ಕೆಲ್ಲ ಮೊಬೈಲೇ ಕಾರಣ ಎನ್ನುವುದಕ್ಕೆ ಸಂಶೋಧನೆಯ ಆಧಾರವಿದೆಯೇ, ಕಿತ್ತಿಟ್ಟುಕೊಂಡರೆ ಸರಿಹೋಗುತ್ತಾಳೆಯೇ ಎಂದು ಕೇಳಿದ್ದೀರಿ. ಕೊನೆಯಲ್ಲಿ, ದೊಡ್ಡ ಮಗ ಜಿಮ್ ಸೇರಿ ಪ್ರೋಟೀನ್ ಪುಡಿ ತರಿಸುತ್ತಿದ್ದಾನೆ ಎಂಬ ಒಂದು ಸಾಲೂ ಇದೆ.

ನಾನು ಹುಟ್ಟಿದ್ದು ಮೂಡಿಗೆರೆಯ ಕಡೆ, ಈಗ ನಿಮ್ಮ ಊರಿನಲ್ಲೇ ಪದವಿಪೂರ್ವ ತರಗತಿಗಳಿಗೆ ಮನಃಶಾಸ್ತ್ರ ಕಲಿಸುತ್ತೇನೆ. ವೈದ್ಯೆಯಲ್ಲ. ಆದ್ದರಿಂದ ಸಂಶೋಧನೆಯ ಬಗ್ಗೆ ಧೈರ್ಯವಾಗಿ ಹೇಳಬಲ್ಲೆ, ನಿಮ್ಮ ಮಗಳಿಗೆ ಏನಾಗಿದೆ ಎಂದು ಹೇಳಲಾರೆ. ಅದನ್ನು ಎದುರಿಗೆ ಕೂರಿಸಿಕೊಂಡು ನೋಡಬೇಕಾದವರು ಬೇರೆ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಆಧಾರ ಇದೆ. ಆದರೆ ಟಿವಿ ಚರ್ಚೆಗಳಲ್ಲಿ ಹೇಳುವಷ್ಟು ಸರಳವಾಗಿ ಇಲ್ಲ. ಮೊದಲು ಫಿಜಿ ದ್ವೀಪದ ವಿಷಯ ಹೇಳುತ್ತೇನೆ, ಏಕೆಂದರೆ ಅಮೆರಿಕದ ಕಾಲೇಜು ಹುಡುಗಿಯರ ಮೇಲೆ ನಡೆದ ಹತ್ತಾರು ಅಧ್ಯಯನಗಳಿಗಿಂತ ಅದು ನಮ್ಮ ಕಡೆಯವರಿಗೆ ಚೆನ್ನಾಗಿ ಅರ್ಥವಾಗುತ್ತದೆ.

ಫಿಜಿಯ ಮೂಲನಿವಾಸಿಗಳಲ್ಲಿ ಮೈಕೈ ತುಂಬಿಕೊಂಡಿರುವುದೇ ಲಕ್ಷಣ. ಒಬ್ಬಳು ಹುಡುಗಿ ಸೊರಗಿದಳೆಂದರೆ ಅವಳ ಮನೆಯವರು ಅವಳನ್ನು ಸರಿಯಾಗಿ ನೋಡಿಕೊಳ್ಳುತ್ತಿಲ್ಲ ಎಂದು ಊರು ಮಾತನಾಡುತ್ತದೆ. ಊಟ ಸೇರದಿರುವುದಕ್ಕೇ ಒಂದು ಕಾಯಿಲೆಯ ಹೆಸರಿದೆ, ಅದಕ್ಕೆ ನಾಟಿ ಔಷಧವೂ ಇದೆ. ಕೇಳಿದರೆ ನಮ್ಮ ಅಜ್ಜಿಯರೇ ನೆನಪಾಗುತ್ತಾರೆ: ಹಾಸ್ಟೆಲಿನಿಂದ ರಜೆಗೆ ಬಂದ ಮೊಮ್ಮಗಳನ್ನು ಬಾಗಿಲಲ್ಲೇ ನಿಲ್ಲಿಸಿ ‘ಎಷ್ಟು ಇಳಿದುಹೋಗಿದ್ದೀಯೇ, ಅಲ್ಲಿ ಊಟ ಹಾಕುವುದಿಲ್ಲವೇ’ ಎನ್ನುವವರು. ಇಂಥ ಕಡೆ ತೆಳ್ಳಗಾಗಬೇಕೆಂಬ ಹುಚ್ಚು ಹತ್ತುವುದು ಕಷ್ಟ ಎಂದೇ ಎಲ್ಲರೂ ತಿಳಿದಿದ್ದರು. ಹಾರ್ವರ್ಡ್‌ನ ವೈದ್ಯೆ ಮತ್ತು ಮಾನವಶಾಸ್ತ್ರಜ್ಞೆ ಆನ್ ಬೆಕರ್ ಅಲ್ಲಿ ಮೊದಲಿನಿಂದಲೂ ಕೆಲಸ ಮಾಡುತ್ತಿದ್ದರು. 1995ರಲ್ಲಿ ನಾಡ್ರೋಗಾ ಎಂಬ ಪ್ರಾಂತಕ್ಕೆ ಟಿವಿ ಬಂತು. ಬಂದ ಕೆಲವೇ ವಾರಗಳಲ್ಲಿ ಅವರು ಶಾಲೆಗೆ ಹೋಗುವ 63 ಹುಡುಗಿಯರಿಗೆ ಊಟ ಮತ್ತು ದೇಹದ ಬಗ್ಗೆ ಪ್ರಶ್ನಾವಳಿ ಕೊಟ್ಟರು. ಮೂರು ವರ್ಷದ ಬಳಿಕ, 1998ರಲ್ಲಿ, ಅದೇ ವಯಸ್ಸಿನ ಬೇರೆ 65 ಹುಡುಗಿಯರಿಗೆ ಅದೇ ಪ್ರಶ್ನಾವಳಿ ಕೊಟ್ಟರು. ಊಟದ ವಿಷಯದಲ್ಲಿ ಆತಂಕಪಡಬೇಕಾದ ಮಟ್ಟ ಮುಟ್ಟಿದವರು 12.7 ಶೇಕಡಾ ಇದ್ದದ್ದು 29.2 ಆಗಿತ್ತು. ತೂಕ ಇಳಿಸಲು ತಾವಾಗಿಯೇ ವಾಂತಿ ಮಾಡಿಕೊಳ್ಳುವವರು ಮೊದಲ ಗುಂಪಿನಲ್ಲಿ ಒಬ್ಬರೂ ಇರಲಿಲ್ಲ, ಎರಡನೆಯದರಲ್ಲಿ 11.3 ಶೇಕಡಾ ಇದ್ದರು.

2002ರಲ್ಲಿ ಈ ಫಲಿತಾಂಶ ಪ್ರಕಟವಾದಾಗಿನಿಂದ ಎಷ್ಟೋ ಪಠ್ಯಪುಸ್ತಕಗಳಲ್ಲಿ ‘ಟಿವಿ ಬಂತು, ಹುಡುಗಿಯರು ಹಾಳಾದರು’ ಎಂಬ ಧಾಟಿಯಲ್ಲಿ ಇದನ್ನು ಹೇಳುತ್ತಾರೆ. ಅದು ಅರ್ಧ ಮಾತು. ಟಿವಿ ಬಾರದ ಇನ್ನೊಂದು ಊರನ್ನು ಪಕ್ಕದಲ್ಲಿಟ್ಟು ಹೋಲಿಸಿದ ಅಧ್ಯಯನವಲ್ಲ ಇದು. ಆ ಮೂರು ವರ್ಷಗಳಲ್ಲಿ ಅಲ್ಲಿ ಬದಲಾದದ್ದು ಟಿವಿಯೊಂದೇ ಎಂದು ಹೇಳಲು ಬರುವುದಿಲ್ಲ. ಇನ್ನೂ ಮುಖ್ಯವಾದದ್ದು ಆ ಹುಡುಗಿಯರೇ ಬೆಕರ್ ಅವರಿಗೆ ಹೇಳಿದ ಕಾರಣ. ಧಾರಾವಾಹಿಯ ನಾಯಕಿಯರ ಹಾಗೆ ಚೆಂದ ಕಾಣಬೇಕು ಎಂಬುದಷ್ಟೇ ಅಲ್ಲ, ಅವರ ಹಾಗೆ ಇದ್ದರೆ ಒಳ್ಳೆಯ ಕೆಲಸ ಸಿಗುತ್ತದೆ, ಹಳ್ಳಿ ಬಿಟ್ಟು ಬೇರೆ ಬದುಕು ಕಟ್ಟಿಕೊಳ್ಳಬಹುದು ಎಂಬ ಆಸೆ ಅವರಲ್ಲಿತ್ತು. ಹೊಸ ಲೋಕಕ್ಕೆ ಹೋಗಲು ದೇಹವೇ ಟಿಕೆಟ್ಟು ಎಂದು ಅವರಿಗೆ ತೋರಿತ್ತು. ಬೆಂಗಳೂರಿನಲ್ಲಿ ಗಗನಸಖಿ ಕೋರ್ಸ್, ಮಾಲ್‌ನಲ್ಲಿ ಕೆಲಸ ಎಂದು ಕನಸು ಕಾಣುವ ನಮ್ಮ ಬೇಲೂರು, ಅರಕಲಗೂಡಿನ ಹುಡುಗಿಯರ ಮಾತು ಕೇಳಿದಾಗಲೆಲ್ಲ ನನಗೆ ಇದು ಹೊಳೆಯುತ್ತದೆ. ಅವರನ್ನು ಬರೀ ಸೋಕಿಯ ಹುಡುಗಿಯರೆಂದು ಬೈದು ಪ್ರಯೋಜನವಿಲ್ಲ.

ಬೆಕರ್ ಅಲ್ಲಿಗೇ ನಿಲ್ಲಿಸಲಿಲ್ಲ. 2011ರಲ್ಲಿ ಅವರ ತಂಡ ಫಿಜಿಯಿಂದಲೇ ಇನ್ನೊಂದು ಅಧ್ಯಯನ ಪ್ರಕಟಿಸಿತು. ಅದರ ಫಲಿತಾಂಶ ಮೊದಲನೆಯದಕ್ಕಿಂತ ನನಗೆ ದೊಡ್ಡದು. ಹುಡುಗಿ ತಾನೇ ಎಷ್ಟು ಟಿವಿ ನೋಡುತ್ತಾಳೆ ಎನ್ನುವುದಲ್ಲದೆ, ಅವಳ ಗೆಳತಿಯರ ಬಳಗ ಎಷ್ಟರಮಟ್ಟಿಗೆ ಆ ಮಾಧ್ಯಮಗಳಿಗೆ ತೆರೆದುಕೊಂಡಿದೆ ಎಂಬುದನ್ನೂ ಅಳೆದರು. ಊಟದ ತೊಂದರೆಗೂ ಗೆಳತಿಯರ ಮನೆಯ ಟಿವಿಗೂ ನಂಟು ಕಂಡಿತು, ಅವಳ ಸ್ವಂತ ಟಿವಿ ನೋಟವನ್ನು ಲೆಕ್ಕದಿಂದ ಬದಿಗಿಟ್ಟರೂ ಕಂಡಿತು. ಅಂದರೆ ಪರದೆಯ ಮೇಲಿನ ದೇಹ ಹುಡುಗಿಯನ್ನು ತಲುಪಲು ಅವಳು ಪರದೆಯನ್ನೇ ನೋಡಬೇಕಾಗಿಲ್ಲ. ಮಾತಿನ ಮೂಲಕ ಬರುತ್ತದೆ, ಪಕ್ಕದ ಬೆಂಚಿನಿಂದ ಬರುತ್ತದೆ.

ಇನ್ನು ಪ್ರಯೋಗಗಳ ಲೆಕ್ಕ. ತೆಳ್ಳಗಿನ ರೂಪದರ್ಶಿಯರ ಚಿತ್ರಗಳನ್ನು ಒಂದು ಗುಂಪಿಗೆ ತೋರಿಸಿ, ಇನ್ನೊಂದು ಗುಂಪಿಗೆ ಮನೆ, ಕಾರು, ಹೂವಿನ ಚಿತ್ರ ತೋರಿಸಿ, ನಂತರ ಎರಡೂ ಗುಂಪುಗಳನ್ನು ‘ನಿಮ್ಮ ದೇಹ ನಿಮಗೆ ಎಷ್ಟು ತೃಪ್ತಿ ಕೊಡುತ್ತದೆ’ ಎಂದು ಕೇಳುವುದು ಇವುಗಳ ಮಾಮೂಲಿ ರೀತಿ. ಮನುಷ್ಯ ತನ್ನನ್ನು ಅಳೆದುಕೊಳ್ಳಲು ಬೇರೆ ಅಳತೆಗೋಲಿಲ್ಲದಾಗ ಪಕ್ಕದವರನ್ನು ನೋಡುತ್ತಾನೆ ಎಂದು ಲಿಯಾನ್ ಫೆಸ್ಟಿಂಗರ್ 1954ರಲ್ಲಿ ಹೇಳಿದ ಸಾಮಾಜಿಕ ಹೋಲಿಕೆಯ ಸಿದ್ಧಾಂತವೇ ಇವುಗಳ ಬೇರು. ಇಂಥ 25 ಅಧ್ಯಯನಗಳನ್ನು 2002ರಲ್ಲಿ ಒಂದು ತಂಡ, ಪ್ರಯೋಗಗಳ ಜೊತೆಗೆ ಸಮೀಕ್ಷೆಗಳೂ ಸೇರಿದ 77 ಅಧ್ಯಯನಗಳನ್ನು 2008ರಲ್ಲಿ ಇನ್ನೊಂದು ತಂಡ ಒಟ್ಟು ಹಾಕಿ ನೋಡಿದವು. ಎರಡಕ್ಕೂ ಹೆಚ್ಚುಕಡಿಮೆ ಒಂದೇ ಉತ್ತರ ಸಿಕ್ಕಿತು: ಪರಿಣಾಮ ಇದೆ, ಗಾತ್ರದಲ್ಲಿ ಚಿಕ್ಕದು. ಎಷ್ಟು ಚಿಕ್ಕದು ಎಂದರೆ, ಚಿತ್ರ ನೋಡಿದ ಗುಂಪಿನಿಂದ ಒಬ್ಬಳನ್ನೂ ನೋಡದ ಗುಂಪಿನಿಂದ ಒಬ್ಬಳನ್ನೂ ಎತ್ತಿ ಜೋಡಿ ಮಾಡುತ್ತಾ ಹೋದರೆ, ನೂರು ಜೋಡಿಗಳಲ್ಲಿ ಸುಮಾರು 58ರಲ್ಲಿ ನೋಡಿದವಳಿಗೆ ಹೆಚ್ಚು ಅತೃಪ್ತಿ ಇರುತ್ತದೆ, ಉಳಿದ 42ರಲ್ಲಿ ನೋಡದವಳಿಗೇ ಹೆಚ್ಚು. ಮಾಧ್ಯಮದಿಂದ ಏನೂ ಆಗುವುದಿಲ್ಲ ಎನ್ನುವವರಿಗೂ, ಎಲ್ಲವೂ ಅದರಿಂದಲೇ ಎನ್ನುವವರಿಗೂ ಈ ಸಂಖ್ಯೆ ರುಚಿಸುವುದಿಲ್ಲ.

ಆದರೆ ಸರಾಸರಿ ಎಂಬುದು ನಿಮ್ಮ ಮನೆಯಲ್ಲಿ ಕುಳಿತ ಮಗಳಲ್ಲ. ಎರಿಕ್ ಸ್ಟೈಸ್ ಮತ್ತು ಜೊತೆಗಾರರು 2001ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ನಾನು ಪ್ರತಿ ವರ್ಷ ತರಗತಿಯಲ್ಲಿ ಹೇಳುತ್ತೇನೆ. 219 ಹದಿಹರೆಯದ ಹುಡುಗಿಯರಲ್ಲಿ ಕೆಲವರಿಗೆ ಚೀಟಿ ಎತ್ತಿದ ಹಾಗೆ ಆರಿಸಿ, ಹುಡುಗಿಯರ ಫ್ಯಾಷನ್ ಪತ್ರಿಕೆಯೊಂದನ್ನು 15 ತಿಂಗಳು ಮನೆಗೇ ತರಿಸಿಕೊಟ್ಟರು, ಉಳಿದವರಿಗೆ ಇಲ್ಲ. ಒಟ್ಟಾರೆಯಾಗಿ ನೋಡಿದರೆ ಎರಡು ಗುಂಪಿಗೂ ದೀರ್ಘಕಾಲದ ವ್ಯತ್ಯಾಸ ಕಾಣಲಿಲ್ಲ. ಹಾನಿಯಾದದ್ದು ಮೊದಲೇ ತೆಳ್ಳಗಾಗಬೇಕೆಂಬ ಒತ್ತಡದಲ್ಲಿದ್ದವರಿಗೆ, ಮೊದಲೇ ತಮ್ಮ ದೇಹದ ಬಗ್ಗೆ ಬೇಸರವಿದ್ದವರಿಗೆ, ಮನೆಯವರ ಮತ್ತು ಗೆಳತಿಯರ ಆಸರೆ ಕಡಿಮೆಯಿದ್ದವರಿಗೆ. ತೋಟದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ಕಾಫಿಗೆ ಹೂಮಳೆ ಬೇಕೇ ಬೇಕು, ಅದೇ ಮಳೆ ಹೂವು ಅರಳಿ ನಿಂತ ದಿನ ಹೊಡೆದರೆ ಕಾಯಿ ಕಟ್ಟುವುದಿಲ್ಲ.

ಈಗ ನಿಮ್ಮ ಪ್ರಶ್ನೆಯನ್ನು ಮತ್ತೊಮ್ಮೆ ಓದಿ. ಮೊಬೈಲಿನ ಬಗ್ಗೆ ಉದ್ದಕ್ಕೂ ಬರೆದಿದ್ದೀರಿ, ‘ಡುಮ್ಮಿ’ಯ ಬಗ್ಗೆ ಒಂದೇ ಸಾಲು. ನಾನು ಹೆಚ್ಚು ಹೊತ್ತು ನಿಂತದ್ದು ಆ ಸಾಲಿನ ಮೇಲೆ.

ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಡಯಾನ್ ನ್ಯೂಮಾರ್ಕ್-ಸ್ಟೈನರ್ ಅವರ ತಂಡ ಸಾವಿರಾರು ಹದಿಹರೆಯದವರನ್ನು 1990ರ ದಶಕದ ಕೊನೆಯಿಂದ ವರ್ಷಗಟ್ಟಲೆ ಹಿಂಬಾಲಿಸಿ ನೋಡಿದೆ. ತೂಕದ ಬಗ್ಗೆ ತಮಾಷೆಗೆ ಗುರಿಯಾದ ಮಕ್ಕಳಲ್ಲಿ ಊಟ ಬಿಡುವುದು, ಒಮ್ಮೆಲೇ ಗಬಗಬ ತಿನ್ನುವುದು, ವಾಂತಿ ಮಾಡುವುದು ಹೆಚ್ಚು. ಆ ತಮಾಷೆ ಮನೆಯವರಿಂದಲೂ ಬರುತ್ತದೆ. ಮಕ್ಕಳ ತೂಕದ ಬಗ್ಗೆಯೇ ಮಾತನಾಡುವ ತಂದೆತಾಯಿಯರ ಮಕ್ಕಳಲ್ಲಿ ಅಪಾಯಕಾರಿ ರೀತಿಯಲ್ಲಿ ತೂಕ ಇಳಿಸುವ ಅಭ್ಯಾಸ ಹೆಚ್ಚು; ಒಳ್ಳೆಯ ಊಟದ ಬಗ್ಗೆ ಮಾತ್ರ ಮಾತನಾಡುವ ಮನೆಗಳಲ್ಲಿ ಕಡಿಮೆ. ಡಯಟ್ ಮಾಡಿದ ಹುಡುಗಿಯರು ಐದು ವರ್ಷದ ಬಳಿಕ ಡಯಟ್ ಮಾಡದವರಿಗಿಂತ ಹೆಚ್ಚು ತೂಕ ಏರಿಸಿಕೊಂಡಿದ್ದರು ಎಂಬುದೂ ಅಲ್ಲಿಂದಲೇ ಬಂದ ಮಾಹಿತಿ. ‘ಸ್ವಲ್ಪ ಸಣ್ಣಗಾದರೆ ಒಳ್ಳೆಯದೇ ಅಲ್ಲವೇ’ ಎನ್ನುವ ಚಿಕ್ಕಮ್ಮಂದಿರು ಬಂದಾಗ ಇದನ್ನು ಹೇಳಿ.

ನಿಮ್ಮ ಅತ್ತೆಯವರನ್ನು ದೂರುತ್ತಿಲ್ಲ. ನಮ್ಮಲ್ಲಿ ದೇಹದ ಬಗ್ಗೆ ಮಾತನಾಡುವುದು ಕುಶಲ ವಿಚಾರಿಸುವ ರೀತಿ. ಛತ್ರದ ಬಾಗಿಲಲ್ಲಿ ಕೈಗೆ ಹೂ ಕೊಡುವ ಮೊದಲೇ ದಪ್ಪ, ಸಣ್ಣ, ಕಪ್ಪು, ಬಿಳುಪು ಎಲ್ಲವೂ ವಿಚಾರಣೆಯಾಗಿರುತ್ತದೆ. ಹಿಂದೆ ಅದು ಅಲ್ಲಿಗೇ ಮುಗಿಯುತ್ತಿತ್ತು, ಏಕೆಂದರೆ ದಪ್ಪ ಎಂಬುದು ಬೈಗುಳವೂ ಆಗಿರಲಿಲ್ಲ. ಈಗ ಅದೇ ಹುಡುಗಿ ಮನೆಗೆ ಬಂದು ಮೊಬೈಲ್ ತೆರೆದರೆ ಅಜ್ಜಿಯ ಮಾತಿಗೆ ಹೊಸ ಅರ್ಥ ಸಿಗುತ್ತದೆ. ಮದುವೆ ಮನೆಗೆ ಬರಲು ಅವಳು ಏಕೆ ಒಲ್ಲೆ ಎನ್ನುತ್ತಾಳೆ ಎಂದು ನೀವು ಕೇಳಿದ್ದಿರಲ್ಲ, ನನ್ನ ಊಹೆ ಇದು.

ಮೈಬಣ್ಣದ ಮಾತು ಬಂದದ್ದರಿಂದ ಒಂದು ಸಂಗತಿ. ಜಾಸ್ಮಿನ್ ಫರ್ಡೌಲಿ ಮತ್ತು ಜೊತೆಗಾರರು 2015ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಹತ್ತು ನಿಮಿಷ ಫೇಸ್‌ಬುಕ್ ನೋಡಿದ ಯುವತಿಯರ ಮನಸ್ಸು ಸ್ವಲ್ಪ ಕುಗ್ಗಿತ್ತು. ಸದಾ ಬೇರೆಯವರೊಂದಿಗೆ ರೂಪ ಹೋಲಿಸಿಕೊಳ್ಳುವ ಸ್ವಭಾವದವರಿಗೆ ತೂಕಕ್ಕಿಂತ ಮುಖ, ಕೂದಲು, ಚರ್ಮ ಬದಲಾಗಬೇಕು ಎನಿಸಿತ್ತು. ಫೇಸ್‌ಬುಕ್ಕಿನಲ್ಲಿ ಹೆಚ್ಚಾಗಿ ಕಾಣುವುದು ಮುಖವೇ ತಾನೆ. ನಮ್ಮ ದೇಶದಲ್ಲಿ ಈ ವ್ಯಾಪಾರ ಇಂಟರ್ನೆಟ್ಟಿಗಿಂತ ಹಳೆಯದು. ಫೇರ್ ಅಂಡ್ ಲವ್ಲಿ ಮಾರುಕಟ್ಟೆಗೆ ಬಂದದ್ದು 1975ರಲ್ಲಿ. ಕಪ್ಪಗಿರುವವರಿಗೆ ಕೆಲಸ ಸಿಗುವುದಿಲ್ಲ, ಮದುವೆಯಾಗುವುದಿಲ್ಲ ಎಂದು ತೋರಿಸಬಾರದೆಂದು ಜಾಹೀರಾತು ಮಾನದಂಡ ಮಂಡಳಿ ನಿಯಮ ಮಾಡಿದ್ದು 2014ರಲ್ಲಿ, ಹೆಸರಿನಿಂದ ‘ಫೇರ್’ ಹೋದದ್ದು 2020ರಲ್ಲಿ. ನಿಮ್ಮ ಮಗಳ ಫೋನಿನ ಕ್ಯಾಮರಾದಲ್ಲಿ ಬಹುಶಃ ಮುಖ ಬೆಳ್ಳಗೆ ಮಾಡುವ ವ್ಯವಸ್ಥೆ ತಾನಾಗಿಯೇ ಚಾಲೂ ಇರುತ್ತದೆ. ಅದನ್ನು ಇಂದೇ ತೆಗೆದುಬಿಡಿ, ಅವಳೆದುರಿಗೇ, ಅವಳಿಂದಲೇ.

ಇಂಥ ಚರ್ಚೆ ಶುರುವಾದರೆ ನಮ್ಮ ಊರಿನಲ್ಲಿ ಒಬ್ಬರಾದರೂ ಎದ್ದು ಬೇಲೂರಿನ ಮದನಿಕೆಯರನ್ನು ನೆನೆಯುತ್ತಾರೆ, ನಮ್ಮ ಸಂಸ್ಕೃತಿಯಲ್ಲಿ ತುಂಬಿದ ಮೈಗೆ ಗೌರವವಿತ್ತು ಎನ್ನುತ್ತಾರೆ. ಇತ್ತು, ಸರಿ. ಆದರೆ ಆ ನಡು, ಆ ಎದೆ ಯಾವ ಹೆಣ್ಣಿಗೂ ಇರಲಿಕ್ಕಿಲ್ಲ. ಕನ್ನಡಿ ಹಿಡಿದು ನಿಂತ ದರ್ಪಣಸುಂದರಿಯೂ ಗಂಡಸರ ಉಳಿ ಕಡೆದ ಕಲ್ಪನೆಯೇ. ವ್ಯತ್ಯಾಸವೆಂದರೆ ಅವಳು ಕಂಬದ ಮೇಲಿದ್ದಾಳೆ. ಅವಳ ಹಾಗಾಗಲು ಏನು ತಿನ್ನಬೇಕು, ಏನು ಬಿಡಬೇಕು ಎಂದು ರಾತ್ರಿ ಹನ್ನೊಂದಕ್ಕೆ ಸಂದೇಶ ಕಳಿಸುವುದಿಲ್ಲ.

ಇನ್ನು ಮೊಬೈಲ್ ಕಿತ್ತುಕೊಳ್ಳುವ ವಿಷಯ. ಇನ್‌ಸ್ಟಾಗ್ರಾಂನ ಒಡೆಯರಾದ ಕಂಪನಿಯ ಒಳಗಿನ ಕಾಗದಪತ್ರಗಳನ್ನು ಅಲ್ಲಿಯ ಮಾಜಿ ಉದ್ಯೋಗಿ ಫ್ರಾನ್ಸಿಸ್ ಹೌಗನ್ 2021ರಲ್ಲಿ ಬಯಲು ಮಾಡಿದರು. ತಮ್ಮ ದೇಹದ ಬಗ್ಗೆ ಬೇಸರವಾಗಿದ್ದಾಗ ಇನ್‌ಸ್ಟಾಗ್ರಾಂ ಆ ಬೇಸರವನ್ನು ಹೆಚ್ಚಿಸಿತು ಎಂದು 32 ಶೇಕಡಾ ಹುಡುಗಿಯರು ಹೇಳಿದ್ದರು ಎಂಬುದು ಅದರಲ್ಲಿತ್ತು. ಇದೂ ಮೊದಲೇ ಬೇಸರವಿದ್ದವರ ಮಾತೇ, ಗಮನಿಸಿ. ಕಡಿಮೆ ಮಾಡಿದರೆ ಉಪಯೋಗವಿದೆಯೇ ಎಂದರೆ, ಕೆನಡಾದ ಸಂಶೋಧಕರು 2023ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ಆತಂಕ, ಖಿನ್ನತೆಯ ಲಕ್ಷಣಗಳಿದ್ದ 17ರಿಂದ 25 ವರ್ಷದ 220 ಜನರಲ್ಲಿ ಒಂದು ಗುಂಪಿಗೆ ಮೂರು ವಾರ ಸಾಮಾಜಿಕ ಮಾಧ್ಯಮವನ್ನು ದಿನಕ್ಕೆ ಒಂದು ಗಂಟೆಗೆ ಇಳಿಸಲು ಹೇಳಿದರು. ಅವರಿಗೆ ತಮ್ಮ ರೂಪ ಮತ್ತು ತೂಕದ ಬಗ್ಗೆ ಇದ್ದ ಅಭಿಪ್ರಾಯ ಸುಧಾರಿಸಿತು. ಆದರೆ ಅವರು ಒಪ್ಪಿ ಇಳಿಸಿದವರು. ಕಿತ್ತುಕೊಂಡ ಮೊಬೈಲಿನ ಮೇಲೆ ಅವರು ಆ ಪ್ರಯೋಗ ಮಾಡಿಲ್ಲ, ಮತ್ತು ಫಿಜಿಯ ಪಾಠ ಮರೆಯಬೇಡಿ: ಗೆಳತಿಯರ ಮೊಬೈಲುಗಳು ಅವರ ಕೈಯಲ್ಲೇ ಇರುತ್ತವೆ. ಹಾಗಾಗಿ ಗಂಟೆ ಇಳಿಸಿ, ರಾತ್ರಿ ಮೊಬೈಲ್ ಎಲ್ಲರದ್ದೂ ಹಜಾರದಲ್ಲೇ ಇರಲಿ, ನಿಮ್ಮದೂ ಸೇರಿ. ಶಿಕ್ಷೆಯ ಹಾಗೆ ಮಾಡಬೇಡಿ.

‘ಅದೆಲ್ಲ ಫಿಲ್ಟರ್ ಕಣೇ, ನಿಜವಲ್ಲ’ ಎಂದು ಹೇಳಿದ್ದೀರಂತೆ. ಎಲ್ಲ ತಾಯಂದಿರೂ ಹೇಳುತ್ತಾರೆ. ಫ್ರಾನ್ಸಿನಲ್ಲಿ 2017ರಿಂದ ಜಾಹೀರಾತಿನ ರೂಪದರ್ಶಿಯ ದೇಹವನ್ನು ಕಂಪ್ಯೂಟರಿನಲ್ಲಿ ತಿದ್ದಿದ್ದರೆ ‘ತಿದ್ದಿದ ಚಿತ್ರ’ ಎಂದು ಬರೆಯುವುದು ಕಡ್ಡಾಯ. ಅಂಥ ಬರಹದಿಂದ ಹೆಣ್ಣುಮಕ್ಕಳ ಅತೃಪ್ತಿ ಕಡಿಮೆಯಾಗುತ್ತದೆಯೇ ಎಂದು ಆಸ್ಟ್ರೇಲಿಯಾದ ಮರಿಕಾ ಟಿಗ್ಗೆಮನ್ ಮೊದಲಾದವರು ಮತ್ತೆ ಮತ್ತೆ ಪರೀಕ್ಷಿಸಿದ್ದಾರೆ. ಬಹುಪಾಲು ಪ್ರಯೋಗಗಳಲ್ಲಿ ಆಗಲಿಲ್ಲ. ಸುಳ್ಳೆಂದು ಗೊತ್ತಿದ್ದೂ ಹೋಲಿಕೆ ನಡೆದೇ ಹೋಗುತ್ತದೆ. ಹೆಚ್ಚು ಫಲ ಕೊಟ್ಟದ್ದು ಸ್ಟೈಸ್ ರೂಪಿಸಿದ ಇನ್ನೊಂದು ವಿಧಾನ: ಉಪದೇಶ ಮಾಡದೆ ಹುಡುಗಿಯರಿಂದಲೇ ಆ ಆದರ್ಶದ ವಿರುದ್ಧ ಮಾತನಾಡಿಸುವುದು, ಬರೆಸುವುದು. ‘ನಿನಗಿಂತ ಚಿಕ್ಕ ಹುಡುಗಿಯೊಬ್ಬಳು ಊಟ ಬಿಡುತ್ತೇನೆ ಎಂದರೆ ಏನು ಹೇಳುತ್ತೀಯ’ ಎಂದು ಕೇಳಿ ಅವಳ ವಾದವನ್ನು ಅವಳ ಬಾಯಿಂದಲೇ ಕೇಳುವುದು. ನಮ್ಮ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗೆ ಈ ವಿಷಯ ಕೊಟ್ಟಾಗ, ವಿರೋಧವಾಗಿ ಮಾತನಾಡಲು ಒಪ್ಪದ ಹುಡುಗಿಯೇ ಕೊನೆಗೆ ಅತಿ ಖಾರವಾಗಿ ಮಾತನಾಡಿದ್ದಳು. ಮನೆಯಲ್ಲಿಯೂ ಪ್ರಯತ್ನಿಸಬಹುದು, ಆದರೆ ಊಟದ ಹೊತ್ತಿನಲ್ಲಿ ಬೇಡ.

ಊಟದ ಹೊತ್ತಿನಲ್ಲಿ ಸುಮ್ಮನೆ ಒಟ್ಟಿಗೆ ಕುಳಿತು ಊಟ ಮಾಡಿ. ಮನೆಯವರೊಂದಿಗೆ ಕುಳಿತು ಊಟ ಮಾಡುವ ಹುಡುಗಿಯರಲ್ಲಿ ಇಂಥ ತೊಂದರೆ ಕಡಿಮೆ ಎಂಬುದು ಮಿನ್ನೆಸೋಟದ ಅಧ್ಯಯನದಲ್ಲೇ ಕಂಡದ್ದು. ತಟ್ಟೆಯನ್ನು ಲೆಕ್ಕ ಹಾಕಬೇಡಿ, ತಿಂದದ್ದಕ್ಕೆ ಹೊಗಳಬೇಡಿ, ನಿಮ್ಮ ಹೊಟ್ಟೆಯ ಬಗ್ಗೆ ನೀವೇ ಅವಳೆದುರು ಹಳಿದುಕೊಳ್ಳಬೇಡಿ. ಕೊನೆಯದು ಎಲ್ಲಕ್ಕಿಂತ ಕಷ್ಟ.

ಈಗ ನನಗೆ ಆತಂಕ ತಂದ ಸಂಗತಿ. ತಿನ್ನದವಳು ಅಡುಗೆ ವಿಡಿಯೊ ನೋಡುವುದನ್ನು ನೀವು ವಿಚಿತ್ರ ಎಂದಿದ್ದೀರಿ. ಅದು ವಿಚಿತ್ರವಲ್ಲ, ಹಸಿವಿನ ಲಕ್ಷಣ. 1944–45ರಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ ಮಿನ್ನೆಸೋಟದಲ್ಲಿ 36 ಆರೋಗ್ಯವಂತ ಯುವಕರಿಗೆ 24 ವಾರ ಅರೆಹೊಟ್ಟೆಯ ಊಟ ಕೊಟ್ಟು ನೋಡಿದರು. ಯುದ್ಧದಿಂದ ಹಸಿದ ಯೂರೋಪಿನ ಜನರಿಗೆ ಮತ್ತೆ ಊಟ ಕೊಡುವುದು ಹೇಗೆಂದು ತಿಳಿಯಲು. ಆ ಗಂಡಸರಿಗೆ ತೆಳ್ಳಗಾಗುವ ಆಸೆ ಏನೂ ಇರಲಿಲ್ಲ. ಆದರೂ ಅವರು ದಿನವಿಡೀ ಊಟದ ಬಗ್ಗೆಯೇ ಮಾತನಾಡತೊಡಗಿದರು, ಅಡುಗೆ ಪುಸ್ತಕಗಳನ್ನು ಓದಿದರು, ಕೂಡಿಟ್ಟುಕೊಂಡರು. ಸಿಡುಕು, ಖಿನ್ನತೆ, ಜನರ ಸಹವಾಸ ಬೇಡವೆನ್ನುವುದು ಎಲ್ಲ ಬಂತು. ನೀವು ವಿವರಿಸಿದ ಮಗಳ ಸ್ವಭಾವದಲ್ಲಿ ಎಷ್ಟೋ ಪಾಲು ಹಟವಲ್ಲ, ಊಟ ಸಾಲದ ಮೆದುಳಿನ ಕೆಲಸವಿರಬಹುದು.

ಆದ್ದರಿಂದ ಕಾಯಬೇಡಿ. ಮುಟ್ಟು ನಿಂತಿದೆಯೇ, ಎದ್ದಾಗ ತಲೆ ಸುತ್ತುತ್ತದೆಯೇ, ಬೇರೆಯವರಿಗಿಲ್ಲದ ಚಳಿ ಅವಳಿಗೆ ಆಗುತ್ತದೆಯೇ, ಕೂದಲು ಉದುರುತ್ತಿದೆಯೇ, ಊಟವಾದ ತಕ್ಷಣ ಬಚ್ಚಲುಮನೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾಳೆಯೇ ಎಂದು ಗಮನಿಸಿ. ಇವುಗಳಲ್ಲಿ ಒಂದಿದ್ದರೂ ಈ ವಾರವೇ ವೈದ್ಯರ ಬಳಿ ಹೋಗಿ. ನಾಡಿ, ರಕ್ತದೊತ್ತಡ, ಇಸಿಜಿ, ರಕ್ತದಲ್ಲಿನ ಪೊಟ್ಯಾಸಿಯಂ ನೋಡಿಸಿ. ಮೂರ್ಛೆ ಹೋದರೆ ಅಂದೇ ಹೋಗಬೇಕು. ಇವಾವುವೂ ಇಲ್ಲದಿದ್ದರೂ ಇಷ್ಟು ತಿಂಗಳಿಂದ ರಾತ್ರಿ ಊಟ ಬಿಟ್ಟಿರುವ ಬೆಳೆಯುವ ಹುಡುಗಿಯನ್ನು ಒಮ್ಮೆ ತೋರಿಸಲೇಬೇಕು. ದಪ್ಪಗಾಗುವ ಭಯದಿಂದ ಊಟ ಬಿಟ್ಟು ಸೊರಗುವ ಅನೊರೆಕ್ಸಿಯಾ ಎಂಬ ಕಾಯಿಲೆ ಮಾನಸಿಕ ಕಾಯಿಲೆಗಳಲ್ಲಿ ಅತಿ ಹೆಚ್ಚು ಜೀವ ತೆಗೆಯುವವುಗಳಲ್ಲಿ ಒಂದು. ಬೇಗ ಹಿಡಿದರೆ ಗುಣವಾಗುವ ಸಾಧ್ಯತೆ ಹೆಚ್ಚು. ನಿಮ್ಮ ಊರಿನ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲೇ ಮನೋವೈದ್ಯರಿದ್ದಾರೆ. ಹೆಚ್ಚಿನದು ಬೇಕಾದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯಕೀಯ ವಿಭಾಗವಿದೆ. ಆಸ್ಪತ್ರೆಗೆ ಹೋಗಲು ಹಿಂಜರಿಕೆಯಾದರೆ ಮೊದಲು 14416ಕ್ಕೆ ಕರೆ ಮಾಡಿ. ಅದು ಕೇಂದ್ರ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ, ಹಗಲುರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತನಾಡುತ್ತಾರೆ. ನೀವೇ ಮಾತನಾಡಬಹುದು, ಮಗಳೇ ಮಾಡಬೇಕೆಂದಿಲ್ಲ.

ಮಗನ ವಿಷಯ ನೀವು ಹಗುರವಾಗಿ ಬರೆದಿದ್ದೀರಿ, ಆದರೆ ಅದೂ ಇದೇ ಮನೆಯ ಇನ್ನೊಂದು ಬಾಗಿಲು. ಎಷ್ಟು ಮೈ ಬೆಳೆಸಿದರೂ ತಾನು ನರಪೇತಲ ಎಂದೇ ನಂಬುವ ಸ್ಥಿತಿಯನ್ನು ಹ್ಯಾರಿಸನ್ ಪೋಪ್ ಮತ್ತು ಜೊತೆಗಾರರು 1990ರ ದಶಕದಲ್ಲೇ ವಿವರಿಸಿದ್ದಾರೆ. ಗಂಡುಮಕ್ಕಳ ಗೊಂಬೆಗಳ ತೋಳು, ಎದೆಯ ಗಾತ್ರ ದಶಕದಿಂದ ದಶಕಕ್ಕೆ ಹೇಗೆ ಉಬ್ಬುತ್ತಾ ಬಂದಿದೆ ಎಂದು ಅಳೆದವರೂ ಅವರೇ. ಸಾಲಗಾಮೆ ರಸ್ತೆಯಲ್ಲಾಗಲಿ ಬಿ.ಎಂ. ರಸ್ತೆಯಲ್ಲಾಗಲಿ ಜಿಮ್ಮಿನ ಫ್ಲೆಕ್ಸ್ ನೋಡಿದರೆ ಆ ಅಳತೆ ಎಲ್ಲಿಗೆ ಬಂದಿದೆ ಎಂದು ಗೊತ್ತಾಗುತ್ತದೆ. ವ್ಯಾಯಾಮ ಒಳ್ಳೆಯದೇ. ಡಬ್ಬದ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರದ ಪರವಾನಗಿ ಸಂಖ್ಯೆ ಇದೆಯೇ ನೋಡಿ, ಪುಡಿಯಲ್ಲದೆ ಮಾತ್ರೆ ಅಥವಾ ಇಂಜೆಕ್ಷನ್ ಯಾರಾದರೂ ಕೊಡುತ್ತಿದ್ದಾರೆಯೇ ಎಂದು ಅವನನ್ನು ನೇರವಾಗಿ ಕೇಳಿ. ಒಂದು ದಿನ ಜಿಮ್ ತಪ್ಪಿದರೆ ಅವನು ಹೇಗಿರುತ್ತಾನೆ ಎಂಬುದನ್ನೂ ಗಮನಿಸಿ ಬರೆಯಿರಿ. ಅವನ ವಯಸ್ಸು ನೀವು ತಿಳಿಸಿಲ್ಲ, ಅದು ಗೊತ್ತಾದರೆ ಆ ಬಗ್ಗೆ ಬೇರೆಯಾಗಿಯೇ ಉತ್ತರಿಸುತ್ತೇನೆ.